ಘಟ್ಟದಲ್ಲಿ ಎಳೆಯದ ಕಾರು: ಸಣ್ಣ ಕಾರಿನ ಟರ್ಬೊ ಆಗಾಗ ಕೈಕೊಡುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ, ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ, ಕಾರವಾರದಿಂದ ಜೋಯಿಡಾಕ್ಕೆ ಅಣಶಿ ಘಟ್ಟ. ಉತ್ತರ ಕನ್ನಡದಲ್ಲಿ ಕರಾವಳಿಗೂ ಮೇಲಿನ ಊರುಗಳಿಗೂ ನಡುವೆ ಓಡಾಡುವವರ ಕಾರು ಒಂದಲ್ಲ ಒಂದು ಏರನ್ನು ಹತ್ತಲೇಬೇಕು. ಸಮತಟ್ಟಿನಲ್ಲಿ ಚೆನ್ನಾಗಿ ಓಡುವ ಕಾರು ಏರಿನ ನಡುವೆ ಒಮ್ಮೆಲೇ ಬಲಗುಂದಿ, ಮರುದಿನ ಏನೂ ಆಗಿಲ್ಲವೆಂಬಂತೆ ಎಳೆಯತೊಡಗಿದರೆ ಹುಡುಕುವುದು ಎಲ್ಲಿಂದ ಎಂಬುದೇ ತಿಳಿಯುವುದಿಲ್ಲ. ನನ್ನ ಸಣ್ಣ ಡೀಸೆಲ್ ಕಾರಿನಲ್ಲಿ ಈ ತೊಂದರೆಯನ್ನು ಒಂದು ಮಳೆಗಾಲವಿಡೀ ಅನುಭವಿಸಿದ ಮೇಲೆ, ಪರಿಚಿತರು ಕೇಳುತ್ತ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ತೊಂದರೆ ಟರ್ಬೊಗೆ ಸಂಬಂಧಿಸಿದ್ದೇ ಎಂದು ಮೊದಲು ಗುರುತಿಸುವುದು ಹೇಗೆ?

ಟರ್ಬೊ ಎಂದರೆ ಹೊಗೆಯ ರಭಸದಿಂದ ತಿರುಗುವ ಒಂದು ಚಕ್ರ ಮತ್ತು ಅದೇ ದಂಡಕ್ಕೆ ಕೂಡಿಸಿದ, ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಇನ್ನೊಂದು ಚಕ್ರ. ಸಣ್ಣ ಡೀಸೆಲ್ ಕಾರುಗಳಲ್ಲಿ ಎಂಜಿನ್ ನಿಮಿಷಕ್ಕೆ 1,800 ಸುತ್ತು ದಾಟುವ ಹೊತ್ತಿಗೆ ಬೆನ್ನಿಗೆ ಯಾರೋ ತಳ್ಳಿದಂತಾಗುವುದು ಈ ಒತ್ತಡದಿಂದಲೇ. ಆ ತಳ್ಳುವಿಕೆ ಮಾಯವಾಗಿ, ಎಂಜಿನ್ ಎಲ್ಲೂ ಜಗ್ಗದೆ, ತಪ್ಪದೆ, ಆದರೆ ಸತ್ತಂತೆ ಓಡುತ್ತಿದ್ದರೆ ಅನುಮಾನವು ಟರ್ಬೊ ವ್ಯವಸ್ಥೆಯ ಕಡೆಗೆ ಹೋಗಬೇಕು. ಎಂಜಿನ್ನಿನ ಸುತ್ತು ಏರುತ್ತಿದ್ದರೂ ವೇಗ ಏರದಿದ್ದರೆ ಅದು ಕ್ಲಚ್ ಜಾರುತ್ತಿರುವ ಲಕ್ಷಣ. ಎಂಜಿನ್ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತಿದ್ದರೆ ಇಂಧನದ ದಾರಿಯನ್ನು ಮೊದಲು ನೋಡಬೇಕು.

ಇಲ್ಲೊಂದು ಎಚ್ಚರಿಕೆ ಬೇಕು. ಡೀಸೆಲ್ ಫಿಲ್ಟರ್ ಅರೆಬರೆ ಕಟ್ಟಿಕೊಂಡರೂ ಏರಿನಲ್ಲಿ ಇಂಧನದ ಒತ್ತಡ ಕುಸಿದು ಕಾರು ಇದೇ ರೀತಿ ಮಲಗುತ್ತದೆ. ಫಿಲ್ಟರಿನ ಅಡಿಯಲ್ಲಿ ನೀರು ನಿಂತಿದೆಯೇ ಎಂದು ನೋಡುವುದು ಹತ್ತು ನಿಮಿಷದ ಕೆಲಸ. ಅದನ್ನು ಮಾಡದೆ ಟರ್ಬೊ ಬಿಚ್ಚಲು ಹೊರಡಬಾರದು.

ಕಾರನ್ನು ನಿಲ್ಲಿಸಿ, ಕೀ ತಿರುಗಿಸಿ ಮತ್ತೆ ಶುರು ಮಾಡಿದರೆ ಸರಿಯಾಗುತ್ತದೆ. ಅದು ಹೇಗೆ?

ಎಂಜಿನ್ನಿನ ಗಣಕವಾದ ಇಸಿಯು ಒಳಗಾಳಿಯ ಒತ್ತಡ ಎಷ್ಟಿರಬೇಕು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ, ಸೆನ್ಸರ್ ತೋರಿಸುವ ನಿಜವಾದ ಒತ್ತಡದೊಂದಿಗೆ ಹೋಲಿಸುತ್ತಿರುತ್ತದೆ. ಎರಡರ ನಡುವಣ ಅಂತರ ಕೆಲವು ಸೆಕೆಂಡುಗಳ ಕಾಲ ಮಿತಿಮೀರಿ ಉಳಿದರೆ, ಎಂಜಿನ್ನಿಗೆ ಹಾನಿಯಾಗದಿರಲೆಂದು ಅದು ಇಂಧನವನ್ನು ಮೊಟಕುಗೊಳಿಸುತ್ತದೆ. ಎಷ್ಟೋ ಕಾರುಗಳಲ್ಲಿ 3,000 ಸುತ್ತಿನ ಆಸುಪಾಸಿಗಿಂತ ಮೇಲೆ ಎಂಜಿನ್ ಏರುವುದೇ ಇಲ್ಲ. ಇದನ್ನು ಗ್ಯಾರೇಜಿನವರು ಲಿಂಪ್ ಮೋಡ್ ಎನ್ನುತ್ತಾರೆ. ಕೀ ತೆಗೆದು ಹಾಕಿದಾಗ ಇಸಿಯು ಲೆಕ್ಕವನ್ನು ಹೊಸದಾಗಿ ಶುರು ಮಾಡುವುದರಿಂದ, ಅಂತರ ಮತ್ತೆ ಕಾಣುವವರೆಗೆ ಕಾರು ಎಂದಿನಂತೆ ಓಡುತ್ತದೆ.

ಇದು ರೋಗ ಗುಣವಾದುದರ ಸೂಚನೆಯಲ್ಲ, ಆದರೆ ಬಹಳ ಬೆಲೆಯುಳ್ಳ ಸುಳಿವು. ಕೀ ತಿರುಗಿಸಿದೊಡನೆ ಪೂರ್ತಿ ಬಲ ಮರಳುವುದಾದರೆ ಟರ್ಬೊದ ಚಕ್ರಗಳು ಮುರಿದಿಲ್ಲ, ಬೇರಿಂಗ್ ಕಟ್ಟಿಕೊಂಡಿಲ್ಲ ಎಂದು ಬಹುಮಟ್ಟಿಗೆ ನಂಬಬಹುದು, ಏಕೆಂದರೆ ಮುರಿದ ವಸ್ತು ಕೀ ತಿರುಗಿಸಿದ ಮಾತ್ರಕ್ಕೆ ಕೂಡಿಕೊಳ್ಳುವುದಿಲ್ಲ. ಕೀ ತಿರುಗಿಸಿದರೂ ಬಲ ಬಾರದೆ, ಎಂಜಿನ್ ತಣ್ಣಗಾದ ಮೇಲಷ್ಟೇ ಬಂದರೆ, ಬಿಸಿಗೆ ಬಾಯ್ಬಿಡುವ ಪೈಪನ್ನೋ ಬಿಸಿಗೆ ಬಿಗಿದುಕೊಳ್ಳುವ ಭಾಗವನ್ನೋ ಹುಡುಕಬೇಕು.

ಇದು ಘಟ್ಟದಲ್ಲಿ ಮಾತ್ರ ಏಕೆ ಕಾಣಿಸಿಕೊಳ್ಳುತ್ತದೆ?

ಊರೊಳಗೆ ಓಡಿಸುವಾಗ ಟರ್ಬೊದಿಂದ ಪೂರ್ತಿ ಒತ್ತಡವನ್ನು ನಾವು ಕೇಳುವುದೇ ಅಪರೂಪ. ಏರಿನಲ್ಲಿ ಎರಡನೆಯ, ಮೂರನೆಯ ಗೇರಿನಲ್ಲಿ ನಿಮಿಷಗಟ್ಟಲೆ ಆಕ್ಸಿಲರೇಟರ್ ಒತ್ತಿ ಹಿಡಿದಾಗ ಪೈಪುಗಳ ಮೇಲೆ ಗರಿಷ್ಠ ಒತ್ತಡವೂ ಬಾನೆಟ್ಟಿನೊಳಗೆ ಗರಿಷ್ಠ ಬಿಸಿಯೂ ಒಟ್ಟಿಗೇ ಬೀಳುತ್ತವೆ. ನನ್ನ ಕಾರು ಕುಮಟಾದಿಂದ ಕತಗಾಲದವರೆಗೆ ಯಾವ ತಕರಾರೂ ಇಲ್ಲದೆ ಬಂದು, ದೇವಿಮನೆಯ ತಿರುವುಗಳಲ್ಲಿ ನಾಲ್ಕೈದನ್ನು ದಾಟಿದ ಮೇಲೆ ಸೋಲುತ್ತಿತ್ತು. ಗ್ಯಾರೇಜಿನ ಎದುರಿನ ರಸ್ತೆಯಲ್ಲಿ ಅದು ಒಮ್ಮೆಯೂ ಸೋತದ್ದಿಲ್ಲ. ಒಂದು ಕಡೆ ಡೀಸೆಲ್ ಫಿಲ್ಟರ್ ಬದಲಾಯಿಸಿ ಸೆನ್ಸರ್ ತೊಳೆದುಕೊಟ್ಟರು. ಇನ್ನೊಂದು ಕಡೆ ಟರ್ಬೊವನ್ನೇ ಬದಲಿಸಬೇಕೆಂದರು. ಕೊನೆಗೆ ಸಿಕ್ಕಿದ್ದು ಏರ್ ಫಿಲ್ಟರ್ ಡಬ್ಬದ ಕೆಳಗೆ ಒಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಸವೆದಿದ್ದ, ಟರ್ಬೊವನ್ನು ನಿಯಂತ್ರಿಸುವ ನಿರ್ವಾತವನ್ನು ಒಯ್ಯುವ, ಬೆರಳಿಗಿಂತ ತೆಳುವಾದ ವ್ಯಾಕ್ಯೂಮ್ ಪೈಪು. ತಣ್ಣಗಿದ್ದಾಗ ಅದರ ಸೀಳು ಮುಚ್ಚಿಕೊಂಡಿರುತ್ತಿತ್ತು, ರಬ್ಬರು ಬಿಸಿಯಾಗಿ ಮೆತ್ತಗಾದಾಗ ತೆರೆದುಕೊಳ್ಳುತ್ತಿತ್ತು. ಹೊಸ ಪೈಪಿಗೆ ಕೊಟ್ಟ ಹಣ ಆ ದಿನದ ಊಟದ ಖರ್ಚಿಗಿಂತ ಕಡಿಮೆ.

ಗ್ಯಾರೇಜಿಗೆ ಹೋಗುವ ಮುನ್ನ ನಾನೇನು ಮಾಡಬೇಕು?

ಬರೆದಿಡಬೇಕು. ಬಂದು ಹೋಗುವ ದೋಷವು ಫಿಟ್ಟರಿನ ಎದುರು ಬರುವುದಿಲ್ಲವಾದ್ದರಿಂದ, ಅದು ಬಂದ ಹೊತ್ತಿನ ವಿವರವೇ ಸಾಕ್ಷಿ. ಎಂಜಿನ್ ಶುರುವಾಗಿ ಎಷ್ಟು ಹೊತ್ತಾಗಿತ್ತು, ಯಾವ ಗೇರು, ಸುತ್ತು ಎಷ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಲಾಗಿತ್ತೇ, ಕಾರಿನಲ್ಲಿ ಎಷ್ಟು ಜನ ಇದ್ದರು, ಮಳೆ ಬರುತ್ತಿತ್ತೇ, ಎಸಿ ಹಾಕಿತ್ತೇ, ಹಿಂದೆ ಕಪ್ಪು ಹೊಗೆ ಕಂಡಿತೇ, ಸುಯ್ಯೆನ್ನುವ ಸದ್ದು ಕೇಳಿತೇ, ದೀಪ ಹೊತ್ತಿತೇ, ಕೀ ತಿರುಗಿಸಿದಾಗ ಏನಾಯಿತು? ಇಷ್ಟನ್ನು ಮೂರು ಸಲದ ಮಟ್ಟಿಗೆ ಬರೆದು ಒಯ್ದರೆ, "ಪಿಕಪ್ ಇಲ್ಲ, ನೋಡಿ" ಎಂದು ಕೀ ಕೊಟ್ಟು ಬರುವುದಕ್ಕಿಂತ ಕೆಲಸ ಎಷ್ಟೋ ಬೇಗ ಆಗುತ್ತದೆ. ಹಾಗೆಯೇ, ಬ್ಯಾಟರಿಯ ತಂತಿ ಬಿಚ್ಚಿ ದೋಷದ ಗುರುತನ್ನು ಅಳಿಸಬೇಡಿ. ಅಳಿಸಿದರೆ ಆ ಕ್ಷಣದಲ್ಲಿ ಇಸಿಯು ದಾಖಲಿಸಿಟ್ಟ ವೇಗ, ಬಿಸಿ, ಒತ್ತಡದ ಅಂಕಿಗಳೂ ಹೋಗಿಬಿಡುತ್ತವೆ.

ಸ್ಕ್ಯಾನ್ ಮಾಡಿದಾಗ ಬರುವ ಸಂಕೇತಗಳ ಅರ್ಥವೇನು?

ಪಿ0299 ಎಂದರೆ ಕೇಳಿದಷ್ಟು ಒತ್ತಡ ಬರಲಿಲ್ಲ ಎಂದು. ಪಿ0234 ಎಂದರೆ ಕೇಳಿದ್ದಕ್ಕಿಂತ ಹೆಚ್ಚು ಬಂತು ಎಂದು. ಎರಡರಲ್ಲೂ ಚಾಲಕನಿಗೆ ಆಗುವ ಅನುಭವ ಒಂದೇ, ಕಾರು ಮಲಗುತ್ತದೆ. ಆದರೆ ಹುಡುಕಬೇಕಾದ ದಿಕ್ಕುಗಳು ಪೂರ್ತಿ ಬೇರೆ. ಒತ್ತಡ ಕಡಿಮೆಯಾದರೆ ಸೋರಿಕೆ, ಹರಿದ ಪೈಪು, ವ್ಯಾಕ್ಯೂಮ್ ಕೊರತೆ. ಒತ್ತಡ ಹೆಚ್ಚಾದರೆ (ಈ ಭಾಗಗಳ ವಿವರ ಮುಂದಿನ ಪ್ರಶ್ನೆಯಲ್ಲಿದೆ) ಮಸಿ ಕಟ್ಟಿ ಅಂಟಿಕೊಂಡ ಟರ್ಬೊದ ರೆಕ್ಕೆಗಳು, ತೆರೆಯದ ವೇಸ್ಟ್‌ಗೇಟ್. ಪಿ0045 ಬಂದರೆ ಟರ್ಬೊ ನಿಯಂತ್ರಿಸುವ ಸೊಲೆನಾಯ್ಡಿನ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ವಿದ್ಯುತ್ ದಾರಿಯನ್ನೂ, ಪಿ0087 ಬಂದರೆ ಇಂಧನದ ಒತ್ತಡವನ್ನೂ ನೋಡಬೇಕು.

ಸಂಕೇತವು ಹೇಳುವುದು ಏನು ಕಂಡಿತು ಎಂಬುದನ್ನು ಮಾತ್ರ. ಪಿ0299 ಎಂದು ಓದಿ "ಟರ್ಬೊ ಹೊಡೆದುಹೋಗಿದೆ" ಎಂದು ತೀರ್ಪು ಕೊಡುವವರ ಕೈಗೆ ಕಾರು ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಕಾರಿನ ಟರ್ಬೊ ಯಾವ ಬಗೆಯದು, ಅದರಿಂದೇನು ವ್ಯತ್ಯಾಸ?

ಸರಳ ಬಗೆಯ ಟರ್ಬೊದಲ್ಲಿ ಒತ್ತಡ ಹೆಚ್ಚಾದಾಗ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ಕಿರುಬಾಗಿಲು ಇರುತ್ತದೆ. ಇನ್ನೊಂದು ಬಗೆಯಲ್ಲಿ ಹೊಗೆಯ ಚಕ್ರದ ಸುತ್ತ ಓರೆಯಾಗುವ ಸಣ್ಣ ರೆಕ್ಕೆಗಳಿದ್ದು, ಅವು ಮುಚ್ಚಿಕೊಂಡಷ್ಟೂ ಕಡಿಮೆ ಸುತ್ತಿನಲ್ಲೇ ಒತ್ತಡ ಬರುತ್ತದೆ. ನಮ್ಮ ರಸ್ತೆಗಳಲ್ಲಿ ಬಹಳವಾಗಿ ಕಾಣುವ 1.3 ಲೀಟರಿನ ಮಲ್ಟಿಜೆಟ್ ಡೀಸೆಲ್ ಎಂಜಿನ್ನಿನಲ್ಲೇ ಎರಡೂ ಬಗೆಗಳಿವೆ: 75 ಅಶ್ವಶಕ್ತಿಯ ಸ್ವಿಫ್ಟ್, ರಿಟ್ಜ್‌ಗಳಲ್ಲಿ ಮೊದಲನೆಯದು, 90 ಅಶ್ವಶಕ್ತಿಯ ಎರ್ಟಿಗಾ, ಸಿಯಾಜ್‌ಗಳಲ್ಲಿ ಎರಡನೆಯದು. ಮಾರುತಿಯವರು 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಎಂಬ ಹೊಗೆ ನಿಯಮ ಬಂದಾಗ ಡೀಸೆಲ್ ನಿಲ್ಲಿಸಿದ್ದರಿಂದ ಈ ಕಾರುಗಳಲ್ಲಿ ತೀರ ಹೊಸದಕ್ಕೂ ಈಗ ವಯಸ್ಸಾಗಿದೆ. ಎಂಜಿನ್ ಗಟ್ಟಿಯಾಗಿಯೇ ಇದ್ದರೂ ಸುತ್ತಲಿನ ರಬ್ಬರು ಮುಪ್ಪಾಗಿದೆ ಎಂಬುದನ್ನು ನೆನಪಿಡಬೇಕು.

ವ್ಯಾಕ್ಯೂಮ್‌ನಿಂದ ನಡೆಯುವ ರೆಕ್ಕೆ ಬಗೆಯ ಟರ್ಬೊ ಇದ್ದರೆ, ಎಂಜಿನ್ ಶುರುವಾದ ಕ್ಷಣ ರೆಕ್ಕೆಗಳನ್ನು ಆಡಿಸುವ ಅದರ ಸರಳು ಒಮ್ಮೆಗೇ ನಯವಾಗಿ ಎಳೆದುಕೊಳ್ಳಬೇಕು, ಎಂಜಿನ್ ನಿಂತಾಗ ಹಾಗೆಯೇ ಮರಳಬೇಕು. ತಡವರಿಸಿದರೆ, ಅರ್ಧದಲ್ಲಿ ನಿಂತರೆ ದೋಷ ಅಲ್ಲೇ ಇದೆ. ಸರಳ ವೇಸ್ಟ್‌ಗೇಟಿನ ಸರಳು ಮಾತ್ರ ಐಡ್ಲಿಂಗಿನಲ್ಲಿ ಅಲುಗುವುದಿಲ್ಲ. ಅದನ್ನು ನೋಡಿ ಕೆಟ್ಟಿದೆ ಎಂದುಕೊಳ್ಳುವವರೂ ಇದ್ದಾರೆ.

ವ್ಯಾಕ್ಯೂಮ್ ಪೈಪುಗಳನ್ನು ಪರೀಕ್ಷಿಸುವುದು ಹೇಗೆ?

ಡೀಸೆಲ್ ಎಂಜಿನ್ನಿನಲ್ಲಿ ಒಂದು ಪಂಪು ಗಾಳಿಯನ್ನು ಹೀರಿ ವ್ಯಾಕ್ಯೂಮ್ ಉಂಟುಮಾಡುತ್ತದೆ. ಅದು ಸೊಲೆನಾಯ್ಡ್ ಮೂಲಕ ಟರ್ಬೊದ ಸರಳನ್ನು ಎಳೆಯುವ ಆಕ್ಚುವೇಟರಿಗೆ ಹೋಗುತ್ತದೆ. ಪೈಪನ್ನು ಮೇಲಿಂದ ನೋಡಿದರೆ ಸಾಲದು. ಪ್ರತಿಯೊಂದು ತುದಿಯನ್ನೂ ಬಾಗಿಸಿ, ತಿರುಚಿ, ಕಬ್ಬಿಣಕ್ಕೆ ತಾಗುವಲ್ಲಿ ಬೆರಳಾಡಿಸಿ ನೋಡಬೇಕು; ಸೀಳು ಬಹುಮಟ್ಟಿಗೆ ತುದಿಯಲ್ಲೋ ಕೆಳಮುಖದಲ್ಲೋ ಇರುತ್ತದೆ. ಕೈಪಂಪಿನಿಂದ ಆಕ್ಚುವೇಟರಿಗೆ ವ್ಯಾಕ್ಯೂಮ್ ಕೊಟ್ಟು ಒಂದೆರಡು ನಿಮಿಷ ಬಿಟ್ಟರೆ ಪಂಪಿನ ಮಾಪಕದ ಮುಳ್ಳು ಇಳಿಯಬಾರದು. ಇಳಿದರೆ ಒಳಗಿನ ರಬ್ಬರು ತೊಗಲು ತೂತಾಗಿದೆ. ಈ ಪರೀಕ್ಷೆಯನ್ನು ಎಂಜಿನ್ ಬಿಸಿಯಿದ್ದಾಗಲೂ, ಟರ್ಬೊ ಕೆಂಡದಂತಿರುವುದರಿಂದ ಕೈಯನ್ನು ಕಾಪಾಡಿಕೊಂಡು, ಮಾಡಬೇಕು. ತಣ್ಣಗಿದ್ದಾಗ ಮಾಡಿದ ಪರೀಕ್ಷೆಯಲ್ಲಿ ನನ್ನ ಕಾರು ಎರಡು ಸಲ ಪಾಸಾಗಿತ್ತು.

ಇದರಲ್ಲಿ ಬ್ರೇಕಿನ ವಿಷಯವೂ ಅಡಗಿದೆ. ಬ್ರೇಕ್ ಪೆಡಲನ್ನು ಹಗುರಗೊಳಿಸುವ ಬೂಸ್ಟರಿಗೂ ಅದೇ ಪಂಪಿನ ವ್ಯಾಕ್ಯೂಮ್ ಬೇಕು. ಬಲ ಕುಂದುವುದರ ಜೊತೆಗೆ ಪೆಡಲ್ ಗಟ್ಟಿಯಾಗುತ್ತಿದೆ ಎನಿಸಿದರೆ, ಪಂಪು ಅಥವಾ ದೊಡ್ಡ ಪೈಪು ಸೋರುತ್ತಿದೆ ಎಂದರ್ಥ, ಮತ್ತು ಅಂಥ ಕಾರಿನಲ್ಲಿ ಶಿರಸಿಯಿಂದ ಕೆಳಗೆ ಇಳಿಯಲೇಕೂಡದು.

ಮಲೆನಾಡಿನವರಿಗೆ ಇನ್ನೂ ಒಂದು ಮಾತು: ಅಡಿಕೆ, ಭತ್ತ ಇಟ್ಟ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರು ಮೊದಲು ಇಲಿಯ ಹಲ್ಲಿನ ಗುರುತನ್ನು ಹುಡುಕಲಿ.

ಮೊಬೈಲಿನಲ್ಲಿ ನಾನೇ ಒತ್ತಡವನ್ನು ನೋಡಬಹುದೇ?

ನೋಡಬಹುದು. ಸ್ಟೀರಿಂಗಿನ ಕೆಳಗಿರುವ, ಇಸಿಯು ಜೊತೆ ಸಂಪರ್ಕಿಸುವ ಒಬಿಡಿ ಕಿಂಡಿಗೆ ಸಿಕ್ಕಿಸುವ ಬ್ಲೂಟೂತ್ ಸಾಧನ ಮತ್ತು ಒಂದು ಆ್ಯಪ್ ಸಾಕು. ಮೊದಲಿಗೆ ಎಂಜಿನ್ ಶುರು ಮಾಡದೆ ಕೀ ಮಾತ್ರ ಆನ್ ಮಾಡಿ ಒಳಗಾಳಿಯ ಒತ್ತಡವನ್ನು ಓದಬೇಕು. ಆಗ ಸೆನ್ಸರ್ ತೋರಿಸಬೇಕಾದದ್ದು ಹೊರಗಿನ ವಾಯುಭಾರವನ್ನೇ. ಕಾರವಾರದ ಕಡಲತೀರದಲ್ಲಿ ಅದು 100 ಅಥವಾ 101 ಕಿಲೊಪಾಸ್ಕಲ್. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 94ರ ಆಸುಪಾಸು. ಘಟ್ಟ ಹತ್ತಿ ಬಂದರೂ ಅಂಕಿ ಇಳಿಯದಿದ್ದರೆ, ಇಲ್ಲವೇ ಕಡಲತೀರದಲ್ಲೇ 85 ಎಂದು ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ನಮ್ಮ ಜಿಲ್ಲೆಯ ಭೂಗೋಳ ಪುಕ್ಕಟೆಯಾಗಿ ಕೊಟ್ಟಿರುವ ಪರೀಕ್ಷೆ ಇದು. ಸೆನ್ಸರ್ ಮೇಲೆ ಎಣ್ಣೆ ಬೆರೆತ ಮಸಿ ಕೂತಿದ್ದರೆ ಅದಕ್ಕೆಂದೇ ಇರುವ ಸ್ಪ್ರೇಯಿಂದ ತೊಳೆಯಬೇಕು, ತಂತಿ ಹಾಕಿ ಕೆರೆಯಬಾರದು.

ಮುಂದೆ, ಏರಿನಲ್ಲಿ ಪೂರ್ತಿ ಒತ್ತಿದಾಗ ಡೀಸೆಲ್ ಕಾರಿನಲ್ಲಿ ಈ ಅಂಕಿ 200ರ ಸುತ್ತಮುತ್ತ ಅಥವಾ ಅದಕ್ಕೂ ಮೇಲೆ ಹೋಗಬೇಕು. ಬಲ ಕುಂದಿದ ಕ್ಷಣದಲ್ಲಿ ಅದು 110, 120ರಲ್ಲೇ ನಿಂತಿತೇ, ಇಲ್ಲವೇ ಒಮ್ಮೆ ಮೇಲಕ್ಕೆ ಜಿಗಿದು ಆಮೇಲೆ ಕುಸಿಯಿತೇ ಎಂಬುದು ಮುಖ್ಯ. ನಿಂತಿದ್ದರೆ ಸೋರಿಕೆ, ಜಿಗಿದಿದ್ದರೆ ಅಂಟಿಕೊಳ್ಳುವಿಕೆ. ಸಾಮಾನ್ಯ ಆ್ಯಪ್‌ಗಳು ಬಳಸುವ ಅಳತೆಯಲ್ಲಿ 255ಕ್ಕಿಂತ ಮೇಲೆ ತೋರಿಸಲು ಜಾಗವೇ ಇಲ್ಲ ಎಂಬುದೂ ತಿಳಿದಿರಲಿ. ಓದುವ ಕೆಲಸ ಪಕ್ಕದಲ್ಲಿ ಕೂತವರದು. ಘಟ್ಟದ ತಿರುವಿನಲ್ಲಿ ಚಾಲಕ ಮೊಬೈಲ್ ನೋಡುವಂತಿಲ್ಲ.

ದೊಡ್ಡ ಗಾಳಿ ಪೈಪು ಸೋರುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಟರ್ಬೊದಿಂದ, ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ದಪ್ಪ ಪೈಪುಗಳು ಒತ್ತಡ ಬಂದಾಗಲಷ್ಟೇ ಸೀಳು ಬಿಡುತ್ತವೆ. ಏರಿನಲ್ಲಿ ಸುಯ್ಯೆನ್ನುವ ಸದ್ದು, ಹಿಂದೆ ಕಪ್ಪು ಹೊಗೆ, ಪೈಪಿನ ಕೂಡುಗೆಯಲ್ಲಿ ಧೂಳು ಹಿಡಿದ ಹಸಿ ಎಣ್ಣೆ, ಇವು ಮೂರೂ ಸೇರಿದರೆ ಬೇರೆ ಸಾಕ್ಷಿ ಬೇಡ. ಅಳೆದ ಗಾಳಿ ದಾರಿಯಲ್ಲೇ ಸೋರಿಹೋಗಿ, ಅದಕ್ಕೆಂದು ಸುರಿದ ಡೀಸೆಲ್ ಪೂರ್ತಿ ಉರಿಯದೆ ಹೊಗೆಯಾಗುತ್ತದೆ. ಹೊಗೆ ಹಾಯಿಸಿ ನೋಡುವ ಯಂತ್ರವಿರುವ ಗ್ಯಾರೇಜು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಪೈಪನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಹಿಗ್ಗಿಸಿ ನೋಡುವುದು. ಕ್ಲಿಪ್ಪನ್ನು ಬಿಗಿ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದುಕೊಳ್ಳಬಾರದು.

ರೆಕ್ಕೆಗಳಿಗೆ ಮಸಿ ಕಟ್ಟಿದ್ದರೆ ವೇಗವಾಗಿ ಓಡಿಸಿದರೆ ಸಾಕೆನ್ನುತ್ತಾರೆ. ನಿಜವೇ?

ಅರ್ಧ ನಿಜ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಡೀಸೆಲ್ ಕಾರಿನಲ್ಲಿ ಹೊಗೆ ಸಾಕಷ್ಟು ಬಿಸಿಯಾಗದೆ ಮಸಿ ಕೂರುತ್ತದೆ. ಹೆದ್ದಾರಿ 66ರಲ್ಲಿ ಒಂದು ಗೇರು ಕಡಿಮೆ ಇಟ್ಟು, ವೇಗದ ಮಿತಿಯೊಳಗೇ, ಎಂಜಿನ್ನನ್ನು 3,000 ಸುತ್ತಿನ ಹತ್ತಿರ ಹದಿನೈದು ಇಪ್ಪತ್ತು ನಿಮಿಷ ಓಡಿಸಿದರೆ ತೆಳುವಾದ ಮಸಿ ಸುಟ್ಟುಹೋಗಬಹುದು. ಗಟ್ಟಿಯಾಗಿ ಅಂಟಿದ್ದಕ್ಕೆ ಟರ್ಬೊ ಬಿಚ್ಚಿ ಶುಚಿ ಮಾಡುವುದೇ ದಾರಿ. ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಕವಾಟ ತೆರೆದೇ ಉಳಿದಿದ್ದರೆ ಮಸಿಯ ಮೂಲವೇ ಅದಾಗಿರುವುದರಿಂದ ಅದನ್ನು ಬಿಟ್ಟು ಟರ್ಬೊ ಮಾತ್ರ ತೊಳೆಯುವುದು ವ್ಯರ್ಥ.

ಮಳೆಗಾಲಕ್ಕೂ ಕಡಲ ಗಾಳಿಗೂ ಇದರಲ್ಲಿ ಪಾತ್ರವಿದೆಯೇ?

ಖಂಡಿತ ಇದೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ, ಉಪ್ಪು ಬೆರೆತ ತೇವ ಸೊಲೆನಾಯ್ಡಿನ ಪ್ಲಗ್ಗಿನೊಳಗೆ ಹೊಕ್ಕು ಪಿನ್ನುಗಳನ್ನು ಹಸಿರುಗಟ್ಟಿಸುತ್ತದೆ. ಆಕ್ಚುವೇಟರಿನ ಸರಳು ತುಕ್ಕು ಹಿಡಿದು ಬಿಗಿಯುತ್ತದೆ. ನೆನೆದ ಏರ್ ಫಿಲ್ಟರ್ ಗಾಳಿಯನ್ನೇ ತಡೆಯುತ್ತದೆ. ಸರ್ವಿಸಿನಲ್ಲಿ ಬಾನೆಟ್ಟಿನೊಳಕ್ಕೆ ರಭಸದ ನೀರು ಹೊಡೆಸಿದ ಮರುದಿನವೇ ತೊಂದರೆ ಶುರುವಾಗಿದ್ದರೆ ಬೇರೆಲ್ಲೂ ಹುಡುಕದೆ ಪ್ಲಗ್ಗುಗಳನ್ನು ಬಿಚ್ಚಿ ಒಣಗಿಸಿ ನೋಡಿ.

ಪೆಟ್ರೋಲ್ ಟರ್ಬೊ ಕಾರಿಗೂ ಇವೆಲ್ಲ ಅನ್ವಯಿಸುತ್ತವೆಯೇ?

ಪೈಪು, ಸೆನ್ಸರ್, ಪ್ಲಗ್ಗುಗಳ ಮಾತು ಅನ್ವಯಿಸುತ್ತದೆ. ಹೊಸ ಪೆಟ್ರೋಲ್ ಕಾರುಗಳಲ್ಲಿ ಹಲವಕ್ಕೆ ವೇಸ್ಟ್‌ಗೇಟನ್ನು ವಿದ್ಯುತ್ ಮೋಟಾರೇ ತಿರುಗಿಸುವುದರಿಂದ ವ್ಯಾಕ್ಯೂಮಿನ ಪಾಡು ಅಲ್ಲಿಲ್ಲ. ಅದಕ್ಕೆ ಬದಲು ಇಗ್ನಿಷನ್ ಕಾಯಿಲ್ ಮತ್ತು ಸ್ಪಾರ್ಕ್ ಪ್ಲಗ್ಗುಗಳು ಹೆಚ್ಚಿನ ಒತ್ತಡದಲ್ಲಿ ತಪ್ಪುವುದನ್ನು ನೋಡಬೇಕು. ಏಪ್ರಿಲ್, ಮೇ ಸೆಕೆಯಲ್ಲಿ ಒಳಗಾಳಿ ತೀರ ಬಿಸಿಯಾದಾಗ ಇಸಿಯು ಕಿಡಿಯ ಹೊತ್ತನ್ನು ಹಿಂದಕ್ಕೆ ಸರಿಸುವುದರಿಂದ ಸ್ವಲ್ಪ ಬಲ ಕುಂದುವುದು ದೋಷವಲ್ಲ.

ಸರಿಪಡಿಸುವವರೆಗೆ ಕಾರು ಓಡಿಸಬಹುದೇ?

ಲಿಂಪ್ ಮೋಡಿನಲ್ಲಿ ಕಾರು ನಿಧಾನವಾಗಿ ಮನೆ ಸೇರುತ್ತದೆ. ಅಪಾಯವಿರುವುದು ಓವರ್‌ಟೇಕಿನಲ್ಲಿ: ಅರಬೈಲಿನಲ್ಲಿ ಸಾಲುಗಟ್ಟಿದ ಲಾರಿಗಳ ಪಕ್ಕಕ್ಕೆ ಬಂದಮೇಲೆ ಬಲ ಹೋದರೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ತೊಂದರೆ ಇರುವಷ್ಟು ದಿನ ಘಟ್ಟದಲ್ಲಿ ಯಾರನ್ನೂ ದಾಟಬೇಡಿ, ತಿರುವಿನಲ್ಲಿ ನಿಲ್ಲಿಸಬೇಡಿ.

ಆದರೆ ನೀಲಿ ಹೊಗೆ, ಎಂಜಿನ್ ಆಯಿಲ್ ಇಳಿಯುವುದು, ಲೋಹ ಉಜ್ಜಿದಂಥ ಕೀರಲು ಸದ್ದು ಕಂಡರೆ ಓಡಿಸಲೇಬಾರದು. ಟರ್ಬೊದ ಸೀಲ್ ಒಡೆದು ಆಯಿಲ್ ಒಳಗಾಳಿಗೆ ಸೇರಿದರೆ ಡೀಸೆಲ್ ಎಂಜಿನ್ ತನ್ನದೇ ಆಯಿಲನ್ನು ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಸುತ್ತು ಏರಿಸುತ್ತ ಹೋಗಬಲ್ಲದು. ಆಗ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಿ ನಿಲ್ಲಿಸಬೇಕು. ಅಪರೂಪದ ಘಟನೆಯಾದರೂ ತಿಳಿದಿರಬೇಕಾದದ್ದು.

ಟರ್ಬೊವನ್ನೇ ಬದಲಿಸಬೇಕೆಂದು ಒಪ್ಪಿಕೊಳ್ಳುವುದು ಯಾವಾಗ?

ಮುಂದಿನ ಪೈಪು ಬಿಚ್ಚಿ ಚಕ್ರವನ್ನು ಕಣ್ಣಾರೆ ನೋಡಿದ ಮೇಲೆ. ಚಕ್ರದ ಅಲಗಿನ ಅಂಚು ಮುರಿದಿದ್ದರೆ, ಚಕ್ರ ಗೂಡಿಗೆ ತಾಗಿದ ಗೀರು ಕಂಡರೆ, ದಂಡವು ಹಿಂದೆ ಮುಂದೆ ಆಡುತ್ತಿದ್ದರೆ ಒಪ್ಪಬೇಕು. ಪಕ್ಕಕ್ಕೆ ತುಸು ಆಡುವುದು ಸಹಜ, ಏಕೆಂದರೆ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ಮೀರಿ ತಿರುಗುವ ಆ ದಂಡ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ. ಪೈಪಿನೊಳಗೆ ತೆಳುವಾಗಿ ಎಣ್ಣೆ ಸವರಿದಂತಿರುವುದೂ ಸಹಜವೇ. ಬದಲಿಸಲೇಬೇಕಾದರೆ ಎಣ್ಣೆ ತರುವ ಸಣ್ಣ ಕೊಳವೆಯನ್ನೂ ಶುಚಿ ಮಾಡಿಸಿ ಇಲ್ಲವೇ ಹೊಸದು ಹಾಕಿಸಿ. ಹಳೆಯದು ಕೆಟ್ಟದ್ದೇ ಎಣ್ಣೆಯಿಲ್ಲದೆ ಆಗಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಘಟ್ಟ ಹತ್ತಿದ ಕೂಡಲೇ ಚಹಾ ಅಂಗಡಿಯೆದುರು ಎಂಜಿನ್ನನ್ನು ತಟ್ಟನೆ ನಿಲ್ಲಿಸುವವರು ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟರೆ ಬೇರಿಂಗಿನ ಎಣ್ಣೆ ಸುಟ್ಟು ಕರಿಯಾಗುವುದು ತಪ್ಪುತ್ತದೆ.

ಸರಿಯಾಯಿತೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ದೋಷ ಕಂಡ ಸ್ಥಿತಿಯನ್ನೇ ಮತ್ತೆ ಉಂಟುಮಾಡಬೇಕು. ಸಂಕೇತಗಳನ್ನು ಅಳಿಸಿ, ಅದೇ ಘಟ್ಟವನ್ನು ಅದೇ ಗೇರಿನಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಹತ್ತಬೇಕು. ಒಂದು ಸಲ ಗೆದ್ದರೆ ಸಾಲದು, ಏಕೆಂದರೆ ಬಂದು ಹೋಗುವ ದೋಷಕ್ಕೆ ಒಂದು ದಿನದ ರಜೆ ಹೊಸತೇನಲ್ಲ. ನಾನು ಕತಗಾಲದಿಂದ ರಾಗಿಹೊಸಳ್ಳಿಯವರೆಗೆ ಮೂರು ಬೇರೆ ಬೇರೆ ದಿನ, ಅದರಲ್ಲಿ ಒಂದು ದಿನ ಜಡಿಮಳೆಯಲ್ಲಿ, ಹತ್ತಿ ನೋಡಿ, ಪ್ರತಿ ಸಲವೂ ಮೇಲೆ ಬಂದು ಸ್ಕ್ಯಾನ್ ಮಾಡಿ, ಇನ್ನೂ ಖಚಿತವಾಗದ ಬಾಕಿ ಸಂಕೇತಗಳ ಪಟ್ಟಿಯೂ ಖಾಲಿ ಇದ್ದುದನ್ನು ಕಂಡ ಮೇಲಷ್ಟೇ ಒಬಿಡಿ ಸಾಧನವನ್ನು ಕಿಂಡಿಯಿಂದ ತೆಗೆದೆ.